ಚಿಕಿತ್ಸೆಯ ದಿನಗಳಲ್ಲಿ ಕೆಲಸದ ಬಾಗಿಲು ಮುಚ್ಚದಿರಲಿ

ರಾಜ್ಯದ ಸಣ್ಣ ಕೈಗಾರಿಕೆ ಹಾಗೂ ವ್ಯಾಪಾರ ಕ್ಷೇತ್ರದಲ್ಲಿ ಮಹಿಳೆಯರ ದುಡಿಮೆಯ ಪಾಲು ದೊಡ್ಡದು. ಬೆಂಗಳೂರಿನ ಸಿದ್ಧ ಉಡುಪು ಘಟಕಗಳು, ಮೈಸೂರಿನ ಅಗರಬತ್ತಿ ಉದ್ದಿಮೆ, ಕರಾವಳಿಯ ಗೋಡಂಬಿ ಕಾರ್ಖಾನೆಗಳು, ಪ್ರತಿ ಊರಿನ ಪೇಟೆಬೀದಿಯ ಅಂಗಡಿಗಳು ನಡೆಯುತ್ತಿರುವುದೇ ಅವರ ಕೈಚಳಕ ಮತ್ತು ತಾಳ್ಮೆಯಿಂದ. ಹೀಗಿರುವಾಗ ಮಹಿಳೆಯರನ್ನು ಹೆಚ್ಚಾಗಿ ಕಾಡುವ ಕಾಯಿಲೆಯ ವಿಚಾರ ಉದ್ದಿಮೆದಾರರಿಗೆ ಸಂಬಂಧಿಸಿದ್ದಲ್ಲ ಎನ್ನಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ಭಾರತದ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು. ದೇಶದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದೇ.

ಕಾರ್ಖಾನೆಯ ಕೆಲಸಗಾರ್ತಿಗೋ, ಅಂಗಡಿಯ ಲೆಕ್ಕ ಬರೆಯುವವರಿಗೋ ಈ ರೋಗ ಪತ್ತೆಯಾದಾಗ ಮಾಲೀಕರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಮ್ಮ, ಪೂರ್ತಿ ವಾಸಿಯಾದ ಮೇಲೆ ನೋಡೋಣ." ಮಾತಿನಲ್ಲಿ ಕನಿಕರವಿದೆ, ಸಂಶಯವಿಲ್ಲ. ಆದರೆ ಅದರ ಪರಿಣಾಮ ಬೇರೆಯೇ. ಕೆಲವು ತಿಂಗಳಲ್ಲಿ ಹಾಜರಿ ಪುಸ್ತಕದಿಂದ ಹೆಸರು ಮರೆಯಾಗುತ್ತದೆ. ಖರ್ಚು ಏರುವ ಹೊತ್ತಿಗೇ ಸಂಬಳ ನಿಲ್ಲುತ್ತದೆ, ಜೊತೆಗಾರರ ಒಡನಾಟವೂ ತಪ್ಪುತ್ತದೆ. ಕನಿಕರದಿಂದ ಆರಂಭವಾದದ್ದು ಉಚ್ಚಾಟನೆಯಲ್ಲಿ ಮುಗಿಯುತ್ತದೆ.

ಸಂಪೂರ್ಣ ವಿಶ್ರಾಂತಿಯೇ ಮದ್ದಲ್ಲ

ಕ್ಯಾನ್ಸರ್ ರೋಗಿ ಅಲುಗಾಡದೆ ಮಲಗಿರಬೇಕೆಂಬುದು ಹಳೆಯ ನಂಬಿಕೆ. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದರೆ ಆ ಬದಿಯ ತೋಳಿನಲ್ಲಿ ನೀರು ತುಂಬಿ ಬಾವು ಬರುವ ಸಂಭವವಿರುವುದರಿಂದ, ಆ ಕೈಯಿಂದ ಭಾರ ಎತ್ತಲೇಬಾರದೆಂದು ವೈದ್ಯರೂ ಹೇಳುತ್ತಿದ್ದ ಕಾಲವಿತ್ತು. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಕೆನಡಾದ ವ್ಯಾಂಕೂವರ್‌ನ ಕ್ರೀಡಾವೈದ್ಯ ಡಾ. ಡಾನ್ ಮೆಕೆಂಜಿ ಪ್ರಮುಖರು. 1996ರಲ್ಲಿ ಅವರು ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದಿದ್ದ 24 ಮಹಿಳೆಯರಿಗೆ ತರಬೇತಿ ನೀಡಿ, ತೋಳಿನ ಬಲವನ್ನೇ ಬೇಡುವ ಉದ್ದನೆಯ ಡ್ರ್ಯಾಗನ್ ದೋಣಿಗೆ ಹುಟ್ಟು ಹಾಕಿಸಿದರು. ಅವರಲ್ಲಿ ಯಾರಿಗೂ ಹೊಸದಾಗಿ ತೋಳು ಊದಿಕೊಳ್ಳಲಿಲ್ಲ. ದೇಹಬಲದ ಜೊತೆಗೆ, ಒಂದೇ ಕಷ್ಟ ಕಂಡವರ ಸಂಗವೂ ಆ ಮಹಿಳೆಯರಿಗೆ ದೊರೆಯಿತು. ಇಂತಹ ದೋಣಿ ತಂಡಗಳು ಇಂದು ಹಲವು ದೇಶಗಳಲ್ಲಿವೆ. ತೋಳುಬಾವು ಇದ್ದ ಮಹಿಳೆಯರು ಮೇಲ್ವಿಚಾರಣೆಯಲ್ಲಿ ಸ್ವಲ್ಪಸ್ವಲ್ಪವಾಗಿ ಭಾರ ಹೆಚ್ಚಿಸುತ್ತಾ ವ್ಯಾಯಾಮ ಮಾಡಿದರೆ ಬಾವು ಹೆಚ್ಚುವುದಿಲ್ಲವೆಂದು ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನವೂ ತೋರಿಸಿತು.

ಅಮೆರಿಕದ ಕ್ಯಾನ್ಸರ್ ತಜ್ಞವೈದ್ಯರ ಸಂಘವು 2022ರ ಮಾರ್ಗಸೂಚಿಯಲ್ಲಿ, ಗುಣಪಡಿಸುವ ಉದ್ದೇಶದ ಚಿಕಿತ್ಸೆ ನಡೆಯುತ್ತಿರುವಾಗಲೇ ರೋಗಿಗಳಿಗೆ ನಿಯತ ವ್ಯಾಯಾಮವನ್ನು ಸೂಚಿಸಬೇಕೆಂದು ವೈದ್ಯರಿಗೆ ಸಲಹೆ ಮಾಡಿದೆ. ವಾರಕ್ಕೆ ಮೂರು ದಿನ ಅರ್ಧ ಗಂಟೆಯ ಚುರುಕು ನಡಿಗೆ, ಎರಡು ದಿನ ಸ್ನಾಯುಗಳಿಗೆ ಹಗುರವಾದ ಕಸರತ್ತು ಇದ್ದರೆ ಆಯಾಸ ಮತ್ತು ಕಳವಳ ತಗ್ಗುತ್ತವೆ, ದೇಹದ ಶಕ್ತಿ ಉಳಿಯುತ್ತದೆ. ವಿಶ್ರಾಂತಿಯಿಂದಲೇ ಹೋಗಬೇಕಾದ ಆಯಾಸವು ನಡೆದಾಡುವುದರಿಂದ ಇಳಿಯುತ್ತದೆಂಬುದು ವಿಚಿತ್ರವೆನಿಸಬಹುದು, ಆದರೆ ಅನೇಕ ಅಧ್ಯಯನಗಳು ಇದನ್ನು ಸ್ಥಿರಪಡಿಸಿವೆ. ಎಷ್ಟು, ಯಾವಾಗ ಎಂಬುದನ್ನು ಮಾತ್ರ ಚಿಕಿತ್ಸೆ ನೀಡುವ ವೈದ್ಯರೇ ನಿರ್ಧರಿಸಬೇಕು.

ಕಾರ್ಖಾನೆಯ ಲೆಕ್ಕಾಚಾರ

"ಆರ್ಡರ್ ಗಡುವಿನೊಳಗೆ ಮುಗಿಸಬೇಕಾದ ಸಣ್ಣ ಘಟಕಕ್ಕೆ ಇದೆಲ್ಲ ಸಾಧ್ಯವೇ?" ಎಂಬ ಪ್ರಶ್ನೆ ಸಹಜವಾದದ್ದು. ಹತ್ತು ಹದಿನೈದು ಮಂದಿ ದುಡಿಯುವಲ್ಲಿ ಒಬ್ಬರ ಗೈರುಹಾಜರಿಯೂ ಭಾರವೇ. ಆದರೆ ಈ ಚಿಕಿತ್ಸೆಗೆ ಬಹುಮಟ್ಟಿಗೆ ಒಂದು ವೇಳಾಪಟ್ಟಿ ಇರುತ್ತದೆಂಬುದನ್ನು ಗಮನಿಸಬೇಕು. ಕಿಮೋಥೆರಪಿಯನ್ನು ಅನೇಕ ವೇಳೆ ಮೂರು ವಾರಗಳಿಗೊಮ್ಮೆ ನೀಡಲಾಗುತ್ತದೆ. ಔಷಧಿ ಪಡೆದ ಮೊದಲ ಕೆಲವು ದಿನ ನಿಶ್ಶಕ್ತಿ ಹೆಚ್ಚು. ಸುಮಾರು 7ರಿಂದ 14ನೆಯ ದಿನದವರೆಗೆ ಬಿಳಿ ರಕ್ತಕಣಗಳು ತಗ್ಗಿ ಸೋಂಕಿನ ಭಯವಿರುವುದರಿಂದ ಜನಸಂದಣಿ ಸಲ್ಲದು. ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೂರನೆಯ ವಾರ ಅನೇಕರು ಚೇತರಿಸಿಕೊಂಡಿರುತ್ತಾರೆ. ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಕೆಲವು ವಾರ ನಡೆಯುತ್ತದೆ. ದಿನದ ಚಿಕಿತ್ಸೆಗೆ ತಗಲುವುದು ಕೆಲವೇ ನಿಮಿಷ, ಹೋಗಿಬರುವುದಕ್ಕೇ ಹೆಚ್ಚು ಸಮಯ. ಯಂತ್ರದ ದುರಸ್ತಿಗೆ ದಿನ ಗೊತ್ತುಪಡಿಸಿ ಉತ್ಪಾದನೆಯನ್ನು ಹೊಂದಿಸಿಕೊಳ್ಳುವ ಉದ್ಯಮಿಗೆ ಇದನ್ನು ಹೊಂದಿಸಿಕೊಳ್ಳುವುದು ಕಷ್ಟವಾಗದು.

ಹೊಲಿಗೆ ಯಂತ್ರದಿಂದ ಗುಣಮಟ್ಟ ತಪಾಸಣೆಗೆ, ಮೂಟೆ ಹೊರುವಲ್ಲಿಂದ ಬಿಲ್ಲು ಬರೆಯುವ ಕಡೆಗೆ ತಾತ್ಕಾಲಿಕ ಬದಲಾವಣೆ ಮಾಡಬಹುದು. ಪಾಳಿಯ ನಡುವೆ ಕುಳಿತುಕೊಳ್ಳಲು ಕುರ್ಚಿ, ಹತ್ತು ನಿಮಿಷ ನಡೆದಾಡಲು ಬಿಡುವು ಕೊಡಬಹುದು. ಸೂಜಿ ಚುಚ್ಚುವ, ಬಿಸಿ ತಗಲುವ ಕೆಲಸದಲ್ಲಿ ಶಸ್ತ್ರಚಿಕಿತ್ಸೆಯಾದ ಬದಿಯ ಕೈಗೆ ಗಾಯವಾಗದಂತೆ ಎಚ್ಚರ ವಹಿಸಬೇಕು. ಇವುಗಳ ಖರ್ಚು ಅಲ್ಪ. ಹೊಸಬರನ್ನು ಹುಡುಕಿ ಪಳಗಿಸುವ ಖರ್ಚಿನೊಡನೆ ತೂಗಿ ನೋಡಿದರೆ ಅನುಭವಿ ಕೈಯನ್ನು ಉಳಿಸಿಕೊಳ್ಳುವುದೇ ಲಾಭ.

ಹಾಗೆಂದು ವ್ಯಾಯಾಮದ ಹೆಸರಿನಲ್ಲಿ ಯಾರನ್ನೂ ಕೆಲಸಕ್ಕೆ ಎಳೆತರುವುದು ಸಲ್ಲದು. ಕಾರ್ಖಾನೆಯ ದುಡಿಮೆ ವ್ಯಾಯಾಮವಲ್ಲ. ಬರಬೇಕೋ ಬೇಡವೋ ಎಂಬ ನಿರ್ಧಾರ ಆಕೆಯದು. ಬರಬಯಸಿದಾಗ ಬಾಗಿಲು ತೆರೆದಿಡುವುದು ಮಾಲೀಕರ ಕರ್ತವ್ಯ.

ಕಟ್ಟಿದ ವಂತಿಗೆಯ ಫಲ

1948ರ ಕಾಯ್ದೆಯಿಂದ ರೂಪುಗೊಂಡ ಇ.ಎಸ್.ಐ. ಯೋಜನೆಗೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಘಟಕಗಳು ಒಳಪಡುತ್ತವೆ. 2017ರಲ್ಲಿ ನಿಗದಿಯಾದ ವೇತನಮಿತಿ ಮಾಸಿಕ 21,000 ರೂಪಾಯಿ. 2019ರ ಜುಲೈನಿಂದ ಮಾಲೀಕರ ವಂತಿಗೆ ವೇತನದ ಶೇ. 3.25, ನೌಕರರದು ಶೇ. 0.75. ತಿಂಗಳು ತಿಂಗಳು ಈ ಹಣ ಕಟ್ಟುವ ಅನೇಕ ಮಾಲೀಕರಿಗೇ ಅದರ ಪೂರ್ಣ ಪ್ರಯೋಜನ ತಿಳಿದಿಲ್ಲ. ಸಾಮಾನ್ಯ ಅನಾರೋಗ್ಯ ಭತ್ಯೆಯಾಗಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70 ದೊರೆಯುತ್ತದೆ. ಕ್ಯಾನ್ಸರ್‌ನಂತಹ ದೀರ್ಘಕಾಲದ ಕಾಯಿಲೆಗಳಿಗೆ, ಎರಡು ವರ್ಷಗಳ ಸತತ ಸೇವೆ ಹಾಗೂ ನಿಗದಿತ ವಂತಿಗೆಯ ಷರತ್ತು ಪೂರೈಸಿದವರಿಗೆ, ಶೇ. 80ರಂತೆ ಎರಡು ವರ್ಷಗಳವರೆಗೂ ವಿಸ್ತೃತ ಭತ್ಯೆ ಉಂಟು. ಭತ್ಯೆ ಪಡೆಯುವ ಅವಧಿಯಲ್ಲಿ ಅನಾರೋಗ್ಯದ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂಬುದೂ ಆ ಕಾಯ್ದೆಯ ಕಾಲದಿಂದ ಬಂದ ನಿಯಮ. ಭತ್ಯೆ ಪಡೆದ ದಿನ ಆಕೆಯಿಂದ ಕೆಲಸ ಮಾಡಿಸಬಾರದು. ವೈದ್ಯರ ದೃಢೀಕರಣ ಪಡೆದ ನಂತರವೇ ಹಗುರ ಕೆಲಸದ ಮಾತು. ವಂತಿಗೆಯನ್ನು ಬಾಕಿ ಉಳಿಸಿದ ಮಾಲೀಕರು ಕಷ್ಟಕಾಲದಲ್ಲಿ ಕೆಲಸಗಾರ್ತಿಯ ಹಕ್ಕಿಗೇ ಅಡ್ಡಿಯಾಗುತ್ತಾರೆಂಬುದನ್ನು ಮರೆಯಬಾರದು.

ಇ.ಎಸ್.ಐ. ವ್ಯಾಪ್ತಿಗೆ ಬಾರದವರಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ಸೌಲಭ್ಯವಿದೆ. ಚಿಕಿತ್ಸೆಗಾಗಿ ಬೇರೆ ಊರಿಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲು ದರದಲ್ಲೂ ರಿಯಾಯಿತಿಯುಂಟು. ಅರ್ಜಿ ತುಂಬಿಸಿ, ಬೇಕಾದ ಪತ್ರಗಳನ್ನು ಹೊಂದಿಸಿಕೊಡಲು ಕಛೇರಿಯ ಒಬ್ಬ ಗುಮಾಸ್ತರಿಗೆ ಅರ್ಧ ದಿನ ಸಾಕು. ಅಕ್ಷರ ಬಾರದ ಕೆಲಸಗಾರ್ತಿಗೆ ಅದೇ ದೊಡ್ಡ ಆಸರೆ.

ಜೊತೆಗಾರರ ಬಲ

ಆಸರೆ ಎಂದರೆ ಹಣ ಮಾತ್ರವಲ್ಲ. ಸ್ತನ ಕ್ಯಾನ್ಸರ್‌ನಿಂದ ಗುಣಮುಖರಾದ ಟೆರೀಸ್ ಲಾಸರ್ ಎಂಬ ಮಹಿಳೆ 1952ರಲ್ಲಿ ನ್ಯೂಯಾರ್ಕಿನಲ್ಲಿ, ಹೊಸದಾಗಿ ಶಸ್ತ್ರಚಿಕಿತ್ಸೆಯಾದವರನ್ನು ಕಂಡು ಧೈರ್ಯ ಹೇಳುವ ಕಾರ್ಯ ಆರಂಭಿಸಿದರು. ಅದೇ ದಾರಿ ಹಾದುಬಂದವರ ಮಾತಿಗೆ ಇರುವ ತೂಕ ಬೇರೆಯವರ ಸಾಂತ್ವನಕ್ಕಿಲ್ಲ. ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳಿದವರು ಒಂದು ಘಟಕದಲ್ಲಿ ಇಲ್ಲದಿದ್ದರೂ ಇಡೀ ಕೈಗಾರಿಕಾ ವಸಾಹತಿನಲ್ಲಿ ಸಿಗಬಹುದು. ಅವರು ಒಪ್ಪಿದರೆ ಭೇಟಿ ಮಾಡಿಸಬಹುದು. ಆಸ್ಪತ್ರೆಗೆ ಜೊತೆಯಾಗಿ ಹೋಗಲು ಗೆಳತಿಯೊಬ್ಬಳಿಗೆ ರಜೆ ಕೊಡಬಹುದು. ಆದರೆ ಕಾಯಿಲೆಯ ಸುದ್ದಿ ಆಕೆಯ ಅನುಮತಿಯಿಲ್ಲದೆ ಮೇಲ್ವಿಚಾರಕರ ಬಾಯಿಂದ ಹೊರಬೀಳಬಾರದು. ಇದು ಅಂಟುರೋಗವೆಂಬ ತಪ್ಪು ಕಲ್ಪನೆ ಇನ್ನೂ ಅಲ್ಲಲ್ಲಿ ಉಳಿದಿದೆ. ಅದನ್ನು ನೀಗಿಸುವುದಕ್ಕೆ ಮಾಲೀಕರ ಒಂದು ಸ್ಪಷ್ಟ ಮಾತು ಸಾಕು.

ವರ್ತಕರ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಗಲ್ಲಾಪೆಟ್ಟಿಗೆಯನ್ನೂ ಮನೆಯನ್ನೂ ಒಟ್ಟಿಗೆ ನಿಭಾಯಿಸುವ ಗೃಹಿಣಿಗೆ ರಜೆಯೂ ಇಲ್ಲ, ಭತ್ಯೆಯೂ ಇಲ್ಲ. ಆಕೆಯ ಪಾಲಿನ ದುಡಿಮೆಯನ್ನು ಹಂಚಿಕೊಂಡು, ಸಂಜೆ ನಡಿಗೆಗೆ ಜೊತೆಯಾಗುವುದು ಮನೆಯವರ ಕೆಲಸ.

ಆಯಾ ಊರಿನ ವಾಣಿಜ್ಯೋದ್ಯಮ ಸಂಸ್ಥೆಗಳು ಈ ದಿಸೆಯಲ್ಲಿ ಮೊದಲ ಹೆಜ್ಜೆ ಇಡಬಹುದು. ಇ.ಎಸ್.ಐ. ಅಧಿಕಾರಿಗಳನ್ನೂ ಕ್ಯಾನ್ಸರ್ ತಜ್ಞರನ್ನೂ ಕರೆಸಿ ವರ್ಷಕ್ಕೊಮ್ಮೆ ಸದಸ್ಯರಿಗೆ ಮಾಹಿತಿ ನೀಡುವುದು, ಅರ್ಜಿ ತುಂಬಲು ನೆರವಾಗುವುದು, ಸಣ್ಣ ಘಟಕಗಳು ಪರಸ್ಪರ ಬದಲಿ ಕೆಲಸಗಾರರನ್ನು ಒದಗಿಸಿಕೊಳ್ಳುವ ಏರ್ಪಾಡು ಮಾಡುವುದು ಅಸಾಧ್ಯದ ಕಾರ್ಯಗಳೇನಲ್ಲ. ಹತ್ತು ವರ್ಷ ನಿಷ್ಠೆಯಿಂದ ದುಡಿದವರಿಗೆ ಹತ್ತು ತಿಂಗಳ ಕಷ್ಟದಲ್ಲಿ ಜಾಗ ಕಾಯ್ದಿಟ್ಟ ಮಾಲೀಕನ ಮಾತಿಗೆ ಇಡೀ ಕಾರ್ಖಾನೆಯಲ್ಲಿ ಬೆಲೆ ಹೆಚ್ಚುತ್ತದೆ.