ಕೊಳವೆಬಾವಿಯ ಫ್ಲೋರೈಡ್ ಲೆಕ್ಕ ಊರಿನ ಗೋಡೆಯ ಮೇಲೆ ಬರಲಿ

2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದವರು ವಾಂತಿಭೇದಿಯಿಂದ ನರಳಿ ಆಸ್ಪತ್ರೆ ಸೇರಿದರು. ಕೆಲವರು ಮನೆಗೆ ಮರಳಲಿಲ್ಲ. ರಾಜ್ಯವೆಲ್ಲ ಅತ್ತ ನೋಡಿತು, ಅಧಿಕಾರಿಗಳು ಓಡಿ ಬಂದರು, ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಆಗಬೇಕಾದದ್ದೇ ಅದು. ಆದರೆ ಅದೇ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ, ಪಕ್ಕದ ಪಾವಗಡದಲ್ಲಿ, ಬಾಗೇಪಲ್ಲಿಯಲ್ಲಿ, ಉತ್ತರಕ್ಕೆ ಹೋದರೆ ಮುಂಡರಗಿಯಲ್ಲಿ ದಶಕಗಳಿಂದ ಫ್ಲೋರೈಡ್ ಬೆರೆತ ನೀರು ಕುಡಿಯುತ್ತಿರುವ ಹಳ್ಳಿಗಳಿವೆ. ಅಲ್ಲಿಗೆ ಯಾರೂ ಹೀಗೆ ಓಡಿ ಹೋದದ್ದಿಲ್ಲ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಡಿದ ದಿನ ಹೊಟ್ಟೆ ಕೆಡುವುದಿಲ್ಲ. ಅದರ ಫಲ ಕಾಣಿಸಿಕೊಳ್ಳಲು ಹತ್ತಿಪ್ಪತ್ತು ವರ್ಷ ಬೇಕು. ಅಷ್ಟರಲ್ಲಿ ಆ ಕೊಳವೆಬಾವಿ ಕೊರೆಸಿದವರು ವರ್ಗವಾಗಿರುತ್ತಾರೆ, ಉದ್ಘಾಟಿಸಿದವರು ಮರೆತಿರುತ್ತಾರೆ. ನಿಧಾನವಾಗಿ ಕೊಲ್ಲುವ ನೀರಿಗೆ ಹೊಣೆಗಾರರೇ ಇಲ್ಲ ಎಂಬುದು ನಮ್ಮ ಗ್ರಾಮೀಣ ಕುಡಿಯುವ ನೀರಿನ ವ್ಯವಸ್ಥೆಯ ದೊಡ್ಡ ದೋಷ. ಹೊಸ ಯಂತ್ರ, ಹೊಸ ಪೈಪು ತರುವುದಕ್ಕಿಂತ ಮೊದಲು ಆ ಹೊಣೆಯನ್ನು ಯಾರಿಗಾದರೂ ಕಟ್ಟಬೇಕು. ಅದಕ್ಕೆ ಮೊದಲ ಹೆಜ್ಜೆ ತೀರಾ ಸರಳವಾದದ್ದು. ಊರಿನ ಪ್ರತಿಯೊಂದು ನೀರಿನ ಮೂಲದಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ಪರೀಕ್ಷೆಯ ದಿನಾಂಕದೊಡನೆ ಆ ಊರಿನ ಗೋಡೆಯ ಮೇಲೆ ಬರೆಯಬೇಕು.

ಭಾರತೀಯ ಮಾನಕ ಬ್ಯೂರೊದ ಪ್ರಕಾರ ಕುಡಿಯುವ ನೀರಿನ ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿನ ನೀರು ಕುಡಿಯುತ್ತ ಬೆಳೆದ ಮಕ್ಕಳ ಹಲ್ಲು ಹಳದಿಗಟ್ಟಿ, ಕಂದು ಪಟ್ಟೆ ಬೀಳುತ್ತದೆ. ಹಲ್ಲು ರೂಪುಗೊಳ್ಳುವ ಎಳವೆಯಲ್ಲೇ ಆಗುವ ಈ ಹಾನಿಯನ್ನು ಆಮೇಲೆ ಎಷ್ಟು ಉಜ್ಜಿದರೂ ಅಳಿಸಲಾಗದು. 3 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಎಲುಬಿಗೆ ತಾಗುತ್ತದೆ. ಕೀಲು ಹಿಡಿಯುತ್ತದೆ, ಬೆನ್ನು ಬಗ್ಗದಾಗುತ್ತದೆ, ಕೆಲವರ ಮಂಡಿ ಒಳಕ್ಕೆ ಬಾಗುತ್ತದೆ. ಇದನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ, ಇರುವುದು ತಡೆಗಟ್ಟುವ ದಾರಿ ಮಾತ್ರ. ಇನ್ನೊಂದು ಸಂಗತಿಯನ್ನು ನಾವು ಗಮನಿಸುವುದೇ ಇಲ್ಲ. ಇಂಥ ಮಿತಿಗಳನ್ನು ಗೊತ್ತುಮಾಡುವಾಗ ಲೆಕ್ಕಕ್ಕೆ ಹಿಡಿಯುವುದು ದಿನಕ್ಕೆ ಎರಡು ಲೀಟರ್ ಕುಡಿಯುವವರನ್ನು. ಬಯಲುಸೀಮೆಯ ಏಪ್ರಿಲ್ ಬಿಸಿಲಲ್ಲಿ ಶೇಂಗಾ ಹೊಲದಲ್ಲೋ ಉದ್ಯೋಗ ಖಾತ್ರಿ ಕಾಮಗಾರಿಯಲ್ಲೋ ದುಡಿಯುವ ಹೆಣ್ಣುಮಗಳು ಐದು ಲೀಟರ್ ಕುಡಿದರೆ, 1.5ರ ನೀರಿನಲ್ಲೂ ಅವಳ ಹೊಟ್ಟೆಗೆ ಹೋಗುವುದು ಏಳೂವರೆ ಮಿಲಿಗ್ರಾಂ. ನೆರಳಲ್ಲಿ ಕುಳಿತು ಎರಡು ಲೀಟರ್ ಕುಡಿಯುವವನಿಗೆ ಅದೇ ನೀರಿನಿಂದ ಹೋಗುವುದು ಮೂರು. ಹೆಚ್ಚು ದುಡಿಯುವವರಿಗೇ ಹೆಚ್ಚು ವಿಷ.

ಈ ನೀರು ಎಲ್ಲಿಂದ ಬಂತು ಎಂಬುದನ್ನು ಮರೆಯಬಾರದು. ನಮ್ಮ ಹಿರಿಯರು ಕುಡಿಯುತ್ತಿದ್ದದ್ದು ತೆರೆದ ಬಾವಿಯ, ಕೆರೆಯ, ಹೊಂಡದ ನೀರು. ಅದು ವರ್ಷವರ್ಷವೂ ಮಳೆಯಿಂದ ತುಂಬುವ ಮೇಲ್ಪದರದ ನೀರಾದ್ದರಿಂದ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ ಇರುತ್ತಿತ್ತು. ಆದರೆ ಅದರಲ್ಲಿ ಕಾಲರಾ ಇತ್ತು, ನಾರುಹುಣ್ಣಿನ ಹುಳು ಇತ್ತು. ಅದರಿಂದ ಜನರನ್ನು ಪಾರುಮಾಡಲು 1960ರ ದಶಕದ ಕೊನೆಯಿಂದ ದೇಶದ ಒಣ ಸೀಮೆಗಳಲ್ಲೆಲ್ಲ ಕೊಳವೆಬಾವಿ ಕೊರೆದು ಕೈಪಂಪು ಹಾಕಲಾಯಿತು. ಉದ್ದೇಶ ಒಳ್ಳೆಯದಿತ್ತು, ನಾರುಹುಣ್ಣು ದೇಶದಿಂದಲೇ ತೊಲಗಿತು. ಆದರೆ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಆ ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ನೀರಿನಲ್ಲಿ ಸುಣ್ಣದಂಶ ಕಡಿಮೆ, ಸೋಡದಂಶ ಹೆಚ್ಚು ಇದ್ದರಂತೂ ಇನ್ನಷ್ಟು ಕರಗುತ್ತದೆ. ನೀರಾವರಿಗಾಗಿ ಮುನ್ನೂರು, ಐನೂರು, ಸಾವಿರ ಅಡಿ ಎಂದು ಆಳಕ್ಕೆ ಇಳಿದಂತೆ ಕುಡಿಯುವ ನೀರೂ ಆ ಹಳೆಯ ನೀರೇ ಆಯಿತು. ಇದು ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಹಲ್ಲು, ಎಲುಬಿನ ಈ ಕಾಯಿಲೆ, ಅಂದರೆ ಫ್ಲೋರೋಸಿಸ್, ಇರುವುದನ್ನು ವೈದ್ಯರು 1937ರಲ್ಲೇ ವರದಿ ಮಾಡಿದ್ದರು. ಗೊತ್ತಿದ್ದೂ ಕೊಳವೆಬಾವಿ ಕೊರೆದ ಮೇಲೆ ನೀರನ್ನು ಪರೀಕ್ಷಿಸಿ ಊರಿಗೆ ತಿಳಿಸುವ ಕ್ರಮ ಬೇರೂರಲೇ ಇಲ್ಲ. ಈಗ ಪೂರ್ವ ಕರ್ನಾಟಕದ ಅಂತರ್ಜಲದಲ್ಲಿ ಯುರೇನಿಯಂ ಇರುವ ವರದಿಗಳೂ ಬಂದಿವೆ. ನೋಡದಿದ್ದರೆ ಅದೂ ಇದೇ ದಾರಿ ಹಿಡಿಯುತ್ತದೆ.

ಸರ್ಕಾರ ಕೈಕಟ್ಟಿ ಕುಳಿತಿಲ್ಲ, ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಕೊಟ್ಟಿದ್ದೇವಲ್ಲ ಎಂಬ ಉತ್ತರ ಬರುತ್ತದೆ. ಹೌದು, ಕಳೆದ ಒಂದು ದಶಕದಲ್ಲಿ ಇಂಥ ಸಾವಿರಾರು ಆರ್‌ಒ ಘಟಕಗಳು ರಾಜ್ಯದ ಹಳ್ಳಿಗಳಲ್ಲಿ ನಿಂತಿವೆ. ಚೆನ್ನಾಗಿ ನಡೆಯುವ ಘಟಕ ಫ್ಲೋರೈಡನ್ನು ತಗ್ಗಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದು ನಡೆಯಬೇಕಾದರೆ ಮರಳಿನ ಫಿಲ್ಟರು, ಇದ್ದಿಲಿನ ಫಿಲ್ಟರು ತೊಳೆಯುತ್ತಿರಬೇಕು, ಕಾರ್ಟ್ರಿಜ್ ಬದಲಿಸುತ್ತಿರಬೇಕು, ಕೆಲವು ವರ್ಷಕ್ಕೊಮ್ಮೆ ಮೆಂಬ್ರೇನನ್ನೇ ಹೊಸದಾಗಿ ಹಾಕಬೇಕು. ಗುತ್ತಿಗೆಯ ಅವಧಿ ಮುಗಿದ ಮೇಲೆ ಇದನ್ನು ಮಾಡುವವರು ಯಾರು? ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತದೆ, ಕ್ಯಾನ್ ತುಂಬುತ್ತದೆ. ಆ ನೀರಿನಲ್ಲಿ ಫ್ಲೋರೈಡ್ ಎಷ್ಟು ಉಳಿದಿದೆ ಎಂದು ನಾಣ್ಯ ಹಾಕಿದವರಿಗೂ ಗೊತ್ತಿಲ್ಲ, ಬೀಗದ ಕೈ ಇಟ್ಟುಕೊಂಡವರಿಗೂ ಗೊತ್ತಿಲ್ಲ. ಘಟಕ ನೋಡಿಕೊಳ್ಳುವವರ ಕೈಯಲ್ಲಿ ಇರುವುದು ಹೆಚ್ಚೆಂದರೆ ಪೆನ್ನಿನಂಥ ಟಿಡಿಎಸ್ ಮೀಟರು. ಅದನ್ನು ಲೋಟದಲ್ಲಿ ಅದ್ದಿ, ಅಂಕಿ ಕಡಿಮೆ ಬಂದರೆ ನೀರು ಶುದ್ಧ ಎನ್ನುತ್ತಾರೆ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಲೆಕ್ಕ. ಲೀಟರಿಗೆ 400 ಮಿಲಿಗ್ರಾಂ ಲವಣವಿರುವ ನೀರು ಮಾನಕದ ಮಿತಿಯ ಒಳಗೇ ಬರುತ್ತದೆ. ಆ 400ರಲ್ಲಿ ಫ್ಲೋರೈಡ್ ಅರ್ಧ ಮಿಲಿಗ್ರಾಂ ಇದ್ದರೂ ಮೂರು ಇದ್ದರೂ ಆ ಮೀಟರಿಗೆ ತಿಳಿಯುವುದಿಲ್ಲ. ಜ್ವರ ನೋಡುವ ಥರ್ಮಾಮೀಟರಿನಿಂದ ಸಕ್ಕರೆ ಕಾಯಿಲೆ ಪತ್ತೆ ಮಾಡಲು ಹೊರಟಂತೆ ಇದು. ಸೋಸಿ ಉಳಿದ ನೀರು, ಅಂದರೆ ಒಳಕ್ಕೆ ಹೋದ ನೀರಿನ ದೊಡ್ಡ ಪಾಲು, ಬಹಳ ಕಡೆ ಇನ್ನಷ್ಟು ಗಟ್ಟಿಯಾದ ಲವಣದೊಡನೆ ಚರಂಡಿಗೆ ಹೋಗುತ್ತದೆ ಎಂಬುದು ಬೇರೆಯೇ ಚಿಂತೆ.

ಘಟಕ ಸರಿಯಾಗಿ ನಡೆದರೂ ಅಡುಗೆಮನೆಯೊಳಗೆ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ. ದುಡ್ಡು ಕೊಟ್ಟು ತಂದ ಕ್ಯಾನಿನ ನೀರನ್ನು ಮನೆಯವರು ಕುಡಿಯಲು ಎತ್ತಿಡುತ್ತಾರೆ. ಅನ್ನಕ್ಕೆ, ಬೇಳೆಗೆ, ಮುದ್ದೆಯ ಎಸರಿಗೆ, ಚಹಾಕ್ಕೆ ನಲ್ಲಿಯ ನೀರೇ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಅಕ್ಕಿ, ಹಿಟ್ಟು ಹೀರಿಕೊಂಡ ನೀರಿನ ಫ್ಲೋರೈಡೆಲ್ಲ ತಟ್ಟೆಗೇ ಬರುತ್ತದೆ. ಐದು ಜನರ ಮನೆಗೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ ಕನಿಷ್ಠ ಎರಡು ಕ್ಯಾನ್ ಬೇಕು. ದಿನಕ್ಕೆ ಹತ್ತು ರೂಪಾಯಿ, ವರ್ಷಕ್ಕೆ 3,650. ಬಡವರ ಮನೆಯಲ್ಲಿ ಒಂದು ಕ್ಯಾನಿಗೇ ನಿಲ್ಲಿಸುವುದು ತಿಳಿಗೇಡಿತನದಿಂದ ಅಲ್ಲ. ನಲ್ಲಿಯ ನೀರಿನಲ್ಲಿ ಇಷ್ಟು ಫ್ಲೋರೈಡ್ ಇದೆ, ಅದರಲ್ಲಿ ಅಡುಗೆ ಮಾಡಬೇಡಿ ಎಂದು ಅವರಿಗೆ ಹೇಳಿದವರೇ ಇಲ್ಲ.

ಇಲ್ಲಿ ಸರ್ಕಾರದ ಮಾತನ್ನೇ ಸರ್ಕಾರಕ್ಕೆ ನೆನಪಿಸಬೇಕು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ನಮ್ಮಲ್ಲಿ ಮನೆ ಮನೆಗೆ ಗಂಗೆ ಎಂಬ ಹೆಸರಿನದು, ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಭರವಸೆಯಿತ್ತಿದೆ. ಆ ಯೋಜನೆಯ ಪ್ರಕಾರವೇ, ಮಾನಕಕ್ಕೆ ಒಪ್ಪುವ ಗುಣಮಟ್ಟದ ನೀರು ನಿಯಮಿತವಾಗಿ ಬಂದಾಗ ಮಾತ್ರ ಅದು ಕಾರ್ಯನಿರತ ನಲ್ಲಿ ಸಂಪರ್ಕ. ಎರಡೂವರೆ ಮಿಲಿಗ್ರಾಂ ಫ್ಲೋರೈಡಿನ ಕೊಳವೆಬಾವಿಯ ನೀರನ್ನು ಟ್ಯಾಂಕಿಗೆ ಏರಿಸಿ ಹೊಸ ನಲ್ಲಿಯಲ್ಲಿ ಬಿಟ್ಟರೆ ಆ ಮನೆಯನ್ನು ನೀರು ಪಡೆದ ಮನೆಗಳ ಪಟ್ಟಿಗೆ ಸೇರಿಸುವ ಹಕ್ಕು ಯಾರಿಗೂ ಇಲ್ಲ. ಮಧ್ಯಪ್ರದೇಶ ಹೈಕೋರ್ಟ್ 1990ರ ದಶಕದಲ್ಲೇ ಮಂಡ್ಲಾ ಜಿಲ್ಲೆಯ ಫ್ಲೋರೈಡ್ ಪ್ರಕರಣದಲ್ಲಿ, ಶುದ್ಧ ನೀರು ಕೊಡುವುದು ಸಂವಿಧಾನದ 47ನೇ ವಿಧಿಯಡಿ ಸರ್ಕಾರದ ಹೊಣೆ ಎಂದು ಹೇಳಿ, ಬಾಧಿತರಿಗೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೆ ಆದೇಶಿಸಿತ್ತು. ಹೊಣೆ ಇದೆ ಎಂಬುದು ಇತ್ಯರ್ಥವಾದ ಮಾತು. ಆ ಹೊಣೆ ಈಡೇರಿದೆಯೇ ಎಂದು ಊರಿನವರು ನೋಡುವ ಕನ್ನಡಿ ಇನ್ನೂ ಸಿಕ್ಕಿಲ್ಲ.

ಪರೀಕ್ಷೆ ಆಗುತ್ತಿದೆ, ಫಲಿತಾಂಶ ಅಂತರ್ಜಾಲದಲ್ಲಿದೆ ಎಂಬ ಆಕ್ಷೇಪಕ್ಕೆ ಅರ್ಧ ಒಪ್ಪಿಗೆ ಇದೆ. ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ, ಸೂಕ್ಷ್ಮಾಣು ಪರೀಕ್ಷೆ ಎರಡು ಬಾರಿ ಆಗಬೇಕೆಂಬ ನಿಯಮವಿದೆ. ಊರಿಗೆ ಐವರು ಮಹಿಳೆಯರಿಗೆ ಕಿಟ್ ಕೊಟ್ಟು ತರಬೇತಿ ಕೊಡುವ ಏರ್ಪಾಟೂ ಇದೆ. ಒಳ್ಳೆಯದೇ. ಆದರೆ ಆ ಅಂಕಿ ದೆಹಲಿಯ ಜಾಲತಾಣಕ್ಕೆ ಏರಿ, ಕೊಡ ಹಿಡಿದು ನಿಂತವಳ ಎದುರಿಗೆ ಬರದಿದ್ದರೆ ಅದರಿಂದ ಅವಳ ಅಡುಗೆಯ ನೀರು ಬದಲಾಗದು. ಜನ ಗಾಬರಿಯಾಗುತ್ತಾರೆ ಎಂಬ ಮಾತನ್ನೂ ಅಧಿಕಾರಿಗಳು ಹೇಳುತ್ತಾರೆ. ಗಾಬರಿಯಾಗುವುದು ಸುದ್ದಿ ಗಾಳಿಯಲ್ಲಿ ತೇಲಿ ಬಂದಾಗ. ಎರಡನೇ ವಾರ್ಡಿನ ಕೊಳವೆಬಾವಿಯಲ್ಲಿ 2.4, ಶಾಲೆಯ ಹಿಂದಿನದರಲ್ಲಿ 0.8 ಎಂದು ಬರೆದಿದ್ದರೆ ಜನ ಗಾಬರಿಯಾಗುವುದಿಲ್ಲ, ಶಾಲೆಯ ಹಿಂದೆ ಹೋಗಿ ನೀರು ಹಿಡಿಯುತ್ತಾರೆ. ಒಂದೇ ಊರಿನ ಎರಡು ಬಾವಿಗಳ ನಡುವೆ ಇಷ್ಟು ಅಂತರ ಇರುವುದುಂಟು. ಎಷ್ಟೋ ಊರುಗಳಲ್ಲಿ ಈ ಒಂದು ತಿಳಿವಳಿಕೆಯಿಂದಲೇ, ಪೈಸೆ ಖರ್ಚಿಲ್ಲದೆ, ಕುಡಿಯುವ ಮತ್ತು ಅಡುಗೆಯ ನೀರನ್ನು ಬೇರೆ ಮಾಡಬಹುದು.

ಪಂಚಾಯಿತಿಗೆ ಹಣವಿಲ್ಲ ಎಂಬುದು ಇನ್ನೊಂದು ಆಕ್ಷೇಪ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಡಲಾಗಿತ್ತು. ಹೊಸ ಘಟಕಕ್ಕೆ ಲಕ್ಷಗಳ ಲೆಕ್ಕವಾದರೆ, ಒಂದು ಮಾದರಿಯ ಪರೀಕ್ಷೆಗೆ ಬೇಕಾಗುವುದು ನೂರರ ಲೆಕ್ಕ. ಕಟ್ಟುವ ಕಾಮಗಾರಿಗೆ ಬಿಲ್ಲು ಸುಲಭವಾಗಿ ಆಗುತ್ತದೆ, ಕಾರ್ಟ್ರಿಜ್ ಬದಲಿಸಲು ಮತ್ತು ನೀರಗಂಟಿಗೆ ತಿಂಗಳಿಗೆ ಸರಿಯಾಗಿ ಸಂಬಳ ಕೊಡಲು ಹಣ ಹೊರಡುವುದಿಲ್ಲ ಎಂಬುದೇ ನಿಜವಾದ ತೊಡಕು. ಅದು ಬಡತನದ ಸಮಸ್ಯೆಯಲ್ಲ, ಆದ್ಯತೆಯ ಸಮಸ್ಯೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ನದಿ ನೀರಿನದು. ಪಾವಗಡ, ಮೊಳಕಾಲ್ಮೂರು, ಚಳ್ಳಕೆರೆ, ಕೂಡ್ಲಿಗಿಗಳಿಗೆ ತುಂಗಭದ್ರಾ ಹಿನ್ನೀರಿನಿಂದ ನೀರು ತರುವ ಬಹುಗ್ರಾಮ ಯೋಜನೆ ಇದೆ. ಕೋಲಾರ, ಚಿಕ್ಕಬಳ್ಳಾಪುರಕ್ಕೆ ಎತ್ತಿನಹೊಳೆಯ ಭರವಸೆ ಇದೆ. ಹರಿಯುವ ನೀರು ಬಂದ ಮೇಲೆ ಕೊಳವೆಬಾವಿಯ ಫ್ಲೋರೈಡಿಗೆ ಏಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ನದಿ ನೀರು ಬರುವುದು ಒಳ್ಳೆಯದು, ಬರಲೇಬೇಕು. ಆದರೆ ನೂರಾರು ಹಳ್ಳಿಗಳಿಗೆ ಒಂದೇ ಕೊಳವೆಯಲ್ಲಿ ಬರುವ ನೀರು ಕರೆಂಟು ಹೋದಾಗ, ಪೈಪು ಒಡೆದಾಗ, ಜಲಾಶಯ ಬರಿದಾದಾಗ ನಿಲ್ಲುತ್ತದೆ. ನಿಂತ ದಿನ ನೀರಗಂಟಿ ಹಳೆಯ ಕೊಳವೆಬಾವಿಯ ಮೋಟರನ್ನೇ ಚಾಲೂ ಮಾಡುತ್ತಾನೆ, ಎರಡೂ ನೀರು ಒಂದೇ ಟ್ಯಾಂಕಿಗೆ ಸೇರುತ್ತದೆ. ಇಂದು ನಲ್ಲಿಯಲ್ಲಿ ಬಂದದ್ದು ಯಾವ ನೀರು ಎಂದು ಆಗ ಯಾರು ಹೇಳಬೇಕು? ನದಿ ಬಂದ ಊರಿಗೂ ಅಂಕಿಯ ಹಲಗೆ ಬೇಕು. ಬಾರದ ಊರಿಗಂತೂ ಚಾವಣಿಯ ಮಳೆನೀರು ಇದೆ. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾಗುವ ಸೀಮೆಯಲ್ಲಿ 50 ಚದರ ಮೀಟರ್ ಚಾವಣಿಯಿಂದ, ಐದನೇ ಒಂದು ಪಾಲು ಪೋಲಾದರೂ, 20,000 ಲೀಟರ್ ಸಿಗುತ್ತದೆ. ಐದು ಜನ ದಿನಕ್ಕೆ 40 ಲೀಟರಿನಂತೆ ಕುಡಿಯಲು, ಅಡುಗೆಗೆ ಬಳಸಿದರೆ ವರ್ಷಕ್ಕೆ ಬೇಕಾಗುವುದು 14,600. ಇದರಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬರದ ವರ್ಷದಲ್ಲಿ ಸಾಲದು, ತೊಟ್ಟಿ ಶುಚಿಯಾಗಿಡಬೇಕು, ಮೊದಲ ಮಳೆ ಬಿಡಬೇಕು ಎಂಬುದೆಲ್ಲ ನಿಜ. ಶಾಲೆಗಳಲ್ಲಿ ಚಾವಣಿಯ ಮಳೆನೀರು ಹಿಡಿಯಲೆಂದು ತಂದ ಸುವರ್ಣ ಜಲ ಯೋಜನೆ ಹೇಳಿಕೊಳ್ಳುವಂತೆ ನಡೆಯದೇ ಹೋದದ್ದೂ ತೊಟ್ಟಿ ಕಟ್ಟಿ ಕೈತೊಳೆದುಕೊಂಡ ಕಾರಣಕ್ಕೇ. ಅಲ್ಲಿಯೂ ನೋಡಿಕೊಳ್ಳುವವರು ಬೇಕಿತ್ತು.

ಆದ್ದರಿಂದ ಗ್ರಾಮೀಣಾಭಿವೃದ್ಧಿ ಇಲಾಖೆ ಒಂದು ಆದೇಶ ಹೊರಡಿಸಲಿ. ಪ್ರತಿ ಕೊಳವೆಬಾವಿ, ಪ್ರತಿ ಟ್ಯಾಂಕು, ಪ್ರತಿ ಶುದ್ಧ ನೀರಿನ ಘಟಕದ ಪಕ್ಕದಲ್ಲಿ ಫ್ಲೋರೈಡ್, ನೈಟ್ರೇಟ್ ಅಂಕಿಗಳನ್ನು, ಅಗತ್ಯವಿರುವ ಸೀಮೆಯಲ್ಲಿ ಯುರೇನಿಯಂ ಅಂಕಿಯನ್ನೂ, ಪರೀಕ್ಷೆಯ ದಿನಾಂಕ ಮತ್ತು ಹೊಣೆಗಾರ ಅಧಿಕಾರಿಯ ಹುದ್ದೆಯೊಡನೆ ಕನ್ನಡದಲ್ಲಿ ಬರೆಸಲಿ. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ಅಂಕಿ ಬದಲಾಗಲಿ. ಮಿತಿ ಮೀರಿದ ಮೂಲಕ್ಕೆ ಕೆಂಪು ಬಣ್ಣ ಬಳಿಯಲಿ. ಆದೇಶಕ್ಕೆ ಕಾಯಬೇಕಾಗಿಯೂ ಇಲ್ಲ. ಫ್ಲೋರೈಡ್ ಸೀಮೆಯಲ್ಲಿ ಇರುವ ಓದುಗರು ಮುಂದಿನ ಗ್ರಾಮಸಭೆಗೆ ಹೋಗಿ, ನಮ್ಮೂರ ನೀರನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವತ್ತು, ಫ್ಲೋರೈಡ್ ಎಷ್ಟು ಬಂತು ಎಂದು ಪಿಡಿಒ ಅವರನ್ನು ಕೇಳಿ. ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ.