ವಯಸ್ಸಾದ ನಾಯಿಗೆ ಇನ್ನೂ ವಿಮೆ ಕಟ್ಟಬೇಕಾ?

ನಮ್ಮ ಕಡೆ ಹಸುಗೆ ಇನ್ಶೂರೆನ್ಸ್ ಅಂದ್ರೆ ಯಾರೂ ನಗಲ್ಲ. ಕಿವಿ ಓಲೆ ಬಿದ್ದೋದ್ರೆ ಕ್ಲೇಮೂ ಬಿದ್ದೋದಂಗೆ ಅಂತ ಡೈರಿಗೆ ಹಾಲು ಹಾಕೋ ಹೆಂಗಸ್ರಿಗೆಲ್ಲ ಗೊತ್ತು. ಅದೇ ನಾಯಿಗೆ ಕಟ್ತೀವಿ ಅಂದಿದ್ದಕ್ಕೆ ದೊಡ್ಡಬಳ್ಳಾಪುರದ ನಮ್ಮ ಬೀದೀಲಿ ಒಂದು ವಾರ ಅದೇ ಮಾತು. ನಗೋರು ನಗ್ಲಿ ಬಿಡಿ. ಹಸು ತಪ್ಪಿಸ್ಕಂಡು ಓಡ್ದಾಗ ಹುಡುಕ್ಕೊಟ್ಟಿದ್ದು ಈ ನಾಯೇ.

ಯಲಹಂಕದ ಫ್ಲ್ಯಾಟ್‌ನಲ್ಲಿ ಸಾಕ್ತೀನಿ ಅಂತ ಮಗಳು ತಂದ ಲ್ಯಾಬ್ರಡಾರ್ ಇದು, ಹೆಸರು ರಾಣಿ. ಫ್ಲ್ಯಾಟ್‌ನೋರು ಗಲಾಟೆ ಮಾಡಿದ್ಮೇಲೆ ನಮ್ಮನೆಗೆ ಬಂತು. ಈಗ 9 ವರ್ಷ ತುಂಬೈತೆ. ನವೀಕರಣಕ್ಕೆ 5,600 ರೂಪಾಯಿ ಕಟ್ಟಿ ಅಂತ ಮೆಸೇಜ್ ಬಂದೈತೆ. ಮಗಳು ಕಟ್ಟು ಅಂತಾಳೆ. ನಾನು ಬೇಡ ಅಂತೀನಿ. ರಾಣಿ ಮೇಲೆ ಪ್ರೀತಿ ಕಮ್ಮಿ ಆಗಿ ಅಲ್ಲ.

ಕಾಗದ ಪೂರ್ತಿ ಓದಿಸ್ಕಂಡೆ. 10 ವರ್ಷ ತುಂಬಿದ್ಮೇಲೆ ನವೀಕರಣ ಇಲ್ಲ. ಹಲ್ಲು ಕ್ಲೀನಿಂಗ್, ಲಸಿಕೆ, ಮೊದ್ಲಿಂದ ಇರೋ ಕಾಯಿಲೆ, ಇವ್ಯಾವ್ದಕ್ಕೂ ದುಡ್ಡು ಬರಲ್ಲ. ರಾಣಿಗೆ ಸೊಂಟದ ಕೀಲು ನೋವು, ಅದು ಹಳೇದು. ಲ್ಯಾಬ್ರಡಾರ್ ಸಾಮಾನ್ಯವಾಗಿ 10ರಿಂದ 12 ವರ್ಷ ಬದುಕುತ್ತೆ. ಅಂದ್ರೆ ನಾವು ಗಟ್ಟಿಮುಟ್ಟಾಗಿದ್ದ ವರ್ಷಗಳಿಗೆಲ್ಲ ಕಟ್ಕೊಂಡು ಬಂದು, ಖರ್ಚು ಶುರು ಆಗೋ ಹೊತ್ತಿಗೆ ಕಂಪನಿ ಕೈ ತೊಳ್ಕೊಳುತ್ತೆ. ಹಸುವಿನ ಪಾಲಿಸೀಲೂ ಸಾಮಾನ್ಯವಾಗಿ 10 ವರ್ಷಕ್ಕೆ ಗೆರೆ ಎಳೀತಾರೆ, ಆದ್ರೆ ಅದರ ಲೆಕ್ಕ ಬೇರೆ. ಹಸು ಸತ್ರೆ ಹೋಗೋದು ಮನೆಯ ಆದಾಯ, ಅದಕ್ಕೊಂದು ಮಾರುಕಟ್ಟೆ ಬೆಲೆ ಐತೆ, ಕಂತಿನಲ್ಲಿ ಸರ್ಕಾರದ ಪಾಲೂ ಸಿಗುತ್ತೆ. ಒಂಬತ್ತು ವರ್ಷದ ರಾಣಿಗೆ ಸಂತೇಲಿ ಯಾರು ಬೆಲೆ ಕಟ್ತಾರೆ? ಸತ್ತ ಮೇಲೆ ಬರೋ ದುಡ್ಡು ನನಗೆ ಬೇಕಾಗೂ ಇಲ್ಲ. ಅದಕ್ಕೂ ಪೋಸ್ಟ್‌ಮಾರ್ಟಂ ಕಾಗದ ಕೇಳ್ತಾರೆ. ಚಿರತೆ ಹೊತ್ಕಂಡೋದ್ರೆ ಮೈ ಎಲ್ಲಿಂದ ತರಾದು?

ಯಾರಿಗಾದ್ರೂ ಕಚ್ಚಿದ್ರೆ ಪರಿಹಾರ ಕೊಡೋ ಒಂದು ಭಾಗ ಐತೆ, ಅದು ಒಳ್ಳೇದು. ಮರಿ ಸಾಕೋರು, ಎರಡು ಮೂರು ವರ್ಷದ ಜೋರು ನಾಯಿ ಇರೋರು ಅದಕ್ಕಾದ್ರೂ ಕಟ್ಟಿ. ನಮ್ಮ ರಾಣಿಗೆ ಚಪಾತಿ ಹರಿಯೋಕೇ ಹಲ್ಲಿಲ್ಲ.

ಇದಕ್ಕಿಂತ ಮುಖ್ಯವಾದ್ದು ಹೇಳ್ತೀನಿ, ಹೆಣ್ಣುನಾಯಿ ಸಾಕಿರೋರು ಕೇಳ್ಕೊಳಿ. ಆಪರೇಷನ್ ಮಾಡಿಸದೆ ಬಿಟ್ರೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಬಹುದು. ಬೆದೆ ಮುಗಿದು ಕೆಲವು ವಾರಕ್ಕೆ ವಿಪರೀತ ನೀರು ಕುಡಿಯೋದು, ಊಟ ಬಿಡೋದು, ಹಿಂದಿಂದ ವಾಸನೆ ಬರೋದು ಕಂಡ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ. ಕೆಲವು ಸಲ ಹೊರಗೆ ಏನೂ ಬರೋದೇ ಇಲ್ಲ, ಅದು ಇನ್ನೂ ಅಪಾಯ. ಮರಿಯಾಗಿದ್ದಾಗಲೇ ಆಪರೇಷನ್ ಮಾಡಿಸಿದ್ರೆ ಈ ಕಾಟವೂ ಇಲ್ಲ, ಮೊಲೆ ಗಡ್ಡೆಯೂ ಕಮ್ಮಿ. ಹುಚ್ಚುನಾಯಿ ರೋಗದ ಲಸಿಕೆ ಮಾತ್ರ ವರ್ಷವರ್ಷ ತಪ್ಪಿಸ್ಬೇಡಿ. ಸೆಪ್ಟೆಂಬರ್ 28, ರೇಬೀಸ್ ದಿನಕ್ಕೆ, ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕ್ತಾರೆ.

ನನ್ನ ಲೆಕ್ಕ ಇಷ್ಟೇ. ಆ 5,600 ಅಂಚೆ ಕಚೇರಿಯ ಎಸ್‌ಬಿ ಖಾತೇಲಿ ಬೇರೆ ಇಡ್ತೀನಿ, ಮುಂದಿನ ವರ್ಷವೂ ಅಷ್ಟೇ ಹಾಕ್ತೀನಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕರ್ಕೊಂಡು ಹೋಗೋಕೆ ಗಾಡಿ ಬಾಡಿಗೆ, ಸ್ಕ್ಯಾನಿಂಗ್, ನೋವಿನ ಮಾತ್ರೆ, ಎಲ್ಲಾ ಅದರಲ್ಲೇ. ಯಾರ ಸಹಿಯೂ ಬೇಡ, ಯಾವ ಫಾರಮ್ಮೂ ಬೇಡ. ಆ ದುಡ್ಡು ಸಾಲದಂತ ದೊಡ್ಡ ಆಪರೇಷನ್ ಬಂದ್ರೆ? ಅದನ್ನೂ ಮಗಳ ಹತ್ರ ಈಗ್ಲೇ ಮಾತಾಡಿದೀನಿ. 11 ವರ್ಷದ ನಾಯಿ ಹೊಟ್ಟೆ ಕುಯ್ಸಿ ತಿಂಗಳುಗಟ್ಟಲೆ ನರಳಿಸೋಕೆ ನಾನು ಒಪ್ಪಲ್ಲ, ನೋವು ತಡೆಯೋದಕ್ಕೆ ಮಾತ್ರ ಎಷ್ಟಾದ್ರೂ ಖರ್ಚು ಮಾಡ್ತೀನಿ. ಅವಳು ಅತ್ಲು. ಫೋನ್ ಇಟ್ಲು. ಮಾರನೇ ದಿನ ತಾನೇ ಮಾಡಿ, ಕೀಲಿನ ಮಾತ್ರೆ ಮುಗೀತಾ ಅಂತ ಕೇಳಿದ್ಲು.

ಪಾಲಿಸಿ ಕಟ್ಟೋಕೆ ತಿಂಗಳ ಕೊನೇವರೆಗೂ ಟೈಮ್ ಐತೆ. ಮಗಳು ಅವಳ ದುಡ್ಡಲ್ಲಿ ಕಟ್ಟಿದ್ರೆ ಕಟ್ಲಿ, ನಾನು ಅಡ್ಡ ಬರಲ್ಲ. ಅಂಚೆ ಕಚೇರಿಗೆ ಮಾತ್ರ ಸೋಮವಾರ ಹೋಗ್ತಿದೀನಿ, ಜೊತೆಗೆ ಬರೋರು ಯಾರಾದ್ರೂ ಇದ್ರೆ ಹೇಳಿ.