ಜಲಯಾನ ವಿದ್ಯೆಯೂ ಕೃಷ್ಣಾತೀರದ ಶಾಲೆಗಳೂ

ಸಾಹಸವೆಂಬ ಶಬ್ದಕ್ಕೆ ಇಂದು ದೊರೆತಿರುವ ಮರ್ಯಾದೆಯು ಅದಕ್ಕೆ ಹುಟ್ಟಿನಿಂದ ಬಂದುದಲ್ಲ. ಸ್ಮೃತಿಕಾರರು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಸಾಹಸವನ್ನೂ ಅವುಗಳಲ್ಲಿ ಒಂದಾಗಿ ಸೇರಿಸಿದರು. ಬಲಾತ್ಕಾರದಿಂದ ಎಸಗಿದ ಅಪರಾಧವೆಂಬುದೇ ಅಲ್ಲಿ ಅದರ ಅರ್ಥ. ಕನ್ನಡ ಕವಿಗಳ ಕೈಯಲ್ಲಿ ಆ ಶಬ್ದವು ಸಂಸ್ಕಾರಗೊಂಡು, ರನ್ನನು ತನ್ನ ಕಾವ್ಯವನ್ನು 'ಸಾಹಸಭೀಮವಿಜಯ'ವೆಂದು ಕರೆಯುವ ವೇಳೆಗೆ ಬಿರುದಾಗಿ ಪರಿಣಮಿಸಿತು. ಈಗಲಂತೂ 'ಸಾಹಸ ಕ್ರೀಡೆ' ಎಂಬ ಮಾತು ಪತ್ರಿಕೆಗಳಲ್ಲಿ ನಿತ್ಯವೂ ಕಾಣುತ್ತದೆ. ಬಂಡೆಗಳ ನಡುವೆ ನೊರೆಗರೆದು ಧುಮುಕುವ ಹೊಳೆಯಲ್ಲಿ ಒಬ್ಬನೇ ಕುಳಿತು ಕಿರುದೋಣಿಯನ್ನು ನಡೆಸುವ ಕಯಾಕಿಂಗ್ ಎಂಬ ಆಟವನ್ನೂ ಆ ಗುಂಪಿನಲ್ಲಿಯೇ ಸೇರಿಸಿದ್ದಾರೆ. ಆದರೆ ಅದನ್ನು ಹೊಸಬರಿಗೆ ಕಲಿಸುವ ಕ್ರಮವನ್ನು ವಿಚಾರಿಸಿ ನೋಡಿದವರಿಗೆ, ಅದರಲ್ಲಿ ಧೈರ್ಯಕ್ಕಿಂತ ನೀರಿನ ಓದೇ ಮುಂದಿದೆಯೆಂಬುದು ಗೋಚರವಾಗದೆ ಇರದು. ಯಾದಗಿರಿ, ಶಹಾಪುರ, ಸುರಪುರಗಳ ಶಾಲೆಗಳು ಅದನ್ನು ಒಂದು ವಿದ್ಯೆಯೆಂದು ಎಣಿಸಿ, ಅದರ ಪ್ರಥಮ ಪಾಠಗಳನ್ನಾದರೂ ತಮ್ಮ ಮಕ್ಕಳಿಗೆ ಕೊಡಿಸುವುದು ಯುಕ್ತ.

ಬಯಲುಸೀಮೆಯ ಮಕ್ಕಳಿಗೆ ನೊರೆನೀರಿನ ವಿದ್ಯೆಯೇಕೆ ಎಂದು ಕೇಳುವವರು ಕೃಷ್ಣೆಯನ್ನು ಬೇಸಗೆಯಲ್ಲಿ ಮಾತ್ರ ಕಂಡವರಿರಬೇಕು. ದಖ್ಖನ್ ಪ್ರಸ್ಥಭೂಮಿಯಿಂದ ಸುರಪುರ ಮತ್ತು ರಾಯಚೂರು ಸೀಮೆಯ ಕರಿಮಣ್ಣಿನ ತಗ್ಗಿಗೆ ಇಳಿಯುವಾಗ ಈ ನದಿಯು ಸುಮಾರು 3 ಮೈಲಿಗಳ ಅಂತರದಲ್ಲಿ 408 ಅಡಿ ಕೆಳಗಿಳಿಯುತ್ತದೆಯೆಂದು ಬ್ರಿಟಿಷರ ಕಾಲದ ಇಂಪೀರಿಯಲ್ ಗೆಜೆಟಿಯರ್ ದಾಖಲಿಸಿದೆ. ಜಲದುರ್ಗದ ಕೋಟೆಯನ್ನು ಅಲ್ಲಿ ಕಟ್ಟಿದವರು ನದಿಯನ್ನೇ ಕಂದಕವೆಂದು ನಂಬಿ ಕಟ್ಟಿದುದರಲ್ಲಿ ಆಶ್ಚರ್ಯವಿಲ್ಲ. ನಾರಾಯಣಪುರದಲ್ಲಿ ಬಸವಸಾಗರವು ನಿರ್ಮಾಣಗೊಂಡ ಮೇಲೆ ಹೊಲಗಳಿಗೆ ನೀರು ಬಂದಿತು, ಸೀಮೆಯ ಬಾಳು ಬದಲಾಯಿತು. ಅದರೊಡನೆ ಹೊಳೆಯ ಸ್ವಭಾವವೂ ಬದಲಾಯಿತು. ಹಿಂದೆ ಮಳೆಯ ಮೋಡವನ್ನೂ ನೀರಿನ ಬಣ್ಣವನ್ನೂ ನೋಡಿ ಪ್ರವಾಹವನ್ನು ಮುಂಗಾಣುತ್ತಿದ್ದರು. ಈಗ ಮಹಾಬಲೇಶ್ವರದ ಕಡೆ ಸುರಿದ ಮಳೆಗೆ ಇಲ್ಲಿ, ನಿರ್ಮಲವಾದ ಆಕಾಶದ ಕೆಳಗೆ, ಕ್ರಸ್ಟ್ ಗೇಟುಗಳು ಏಳುತ್ತವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರು. 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಹೊರಬಿಟ್ಟ ನೀರು 5 ಲಕ್ಷ ಕ್ಯೂಸೆಕ್ಸನ್ನು ಮೀರಿತ್ತು. ಅಂದರೆ ಪ್ರತಿ ಸೆಕೆಂಡಿಗೆ 14 ಸಾವಿರ ಟನ್ನಿಗಿಂತ ಹೆಚ್ಚಿನ ಭಾರ.

ಅದೇ ತಿಂಗಳಲ್ಲಿ, ಆಚೆಯ ದಂಡೆಯ ದೇವದುರ್ಗ ತಾಲೂಕಿನ ಒಬ್ಬ ಬಾಲಕನು, ನೀರು ಹರಿಯುತ್ತಿದ್ದ ಸೇತುವೆಯ ಮೇಲೆ ತಾನು ಮುಂದೆ ನಡೆದು, ದಾರಿ ಕಾಣದೆ ನಿಂತ ಆಂಬುಲೆನ್ಸಿಗೆ ದಾರಿ ತೋರಿಸಿದನು. ಅವನಿಗೆ ಶೌರ್ಯ ಪ್ರಶಸ್ತಿ ಬಂದಿತು, ಬರಲೇಬೇಕಾದುದೂ ಹೌದು. ಅದಕ್ಕೂ ಐದು ವರ್ಷ ಮೊದಲು, 2014ರ ಮಳೆಗಾಲದಲ್ಲಿ, ಅಂದಿನ ಸುರಪುರ ತಾಲೂಕಿನ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬಳು, ಆಸ್ಪತ್ರೆಯ ದಾರಿ ಹಿಡಿಯುವುದಕ್ಕಾಗಿ, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಉಕ್ಕಿದ ಕೃಷ್ಣೆಯನ್ನು ಮನೆಯವರ ಸಹಾಯದಿಂದ ಈಸಿ ದಾಟಿದಳು. ಗಡ್ಡಿಗೆ ಆಗ ಸೇತುವೆಯಿರಲಿಲ್ಲ. ಈ ಸುದ್ದಿ ಹೊರದೇಶಗಳ ಪತ್ರಿಕೆಗಳಲ್ಲಿಯೂ ಬಂದಿತು. ಎರಡು ಪ್ರಸಂಗಗಳನ್ನೂ ಜನರು ಹೊಗಳಿದರು. ಹೊಗಳಿಕೆಯ ಭರದಲ್ಲಿ ಒಂದು ವಿಷಯ ಮರೆಯಾಯಿತು. ಮುಳುಗಿದ ಸೇತುವೆಯ ಮೇಲೆ ಕಾಲಿಡಬಾರದೆಂಬುದು ಜಲರಕ್ಷಣೆಯ ಪಾಠಗಳಲ್ಲಿ ತೀರ ಮೊದಲನೆಯದು. ಕೆಳಗಿನ ರಸ್ತೆ ಕೊಚ್ಚಿಹೋಗಿದೆಯೋ ಉಳಿದಿದೆಯೋ ಮೇಲಿನಿಂದ ತಿಳಿಯದು. ಹೊಳೆಯ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಇದನ್ನು ವಿಜ್ಞಾನದ ಪುಸ್ತಕದಲ್ಲಿ ಓದಿದ ಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ಕೊಳ್ಳೂರು ಸೇತುವೆಯೊಡನೆ ಜೋಡಿಸಿ ನೋಡುತ್ತಾರೆ? ಬಾಲಕನ ಎದೆಗಾರಿಕೆಯನ್ನು ಕೊಂಡಾಡುವುದು ಸುಲಭ. ಮುಂದಿನ ಬಾಲಕನು ಅಂಥ ಸೇತುವೆಗೆ ಇಳಿಯದಂತೆ ಬುದ್ಧಿ ಕಲಿಸುವುದು ಶಾಲೆಯ ಕೆಲಸ.

ಈ ಸೀಮೆಯಲ್ಲಿ ಈಸು ಕಲಿಯುವುದು ಬಾವಿಯಲ್ಲಿ. ಬೇಸಗೆಯ ರಜೆಯಲ್ಲಿ ಬೆನ್ನಿಗೆ ಬುರುಡೆಯನ್ನು ಕಟ್ಟಿಸಿಕೊಂಡು ಧುಮುಕಿದ ಹುಡುಗರು ನಾಲ್ಕಾರು ದಿನಗಳಲ್ಲಿ ಕೈಕಾಲು ಬಡಿಯುವುದನ್ನು ಕಲಿತು, ತಮಗೆ ಈಸು ಬಂದಿತೆಂದು ತಿಳಿಯುತ್ತಾರೆ. ಬಂದುದು ಬಾವಿಯ ಈಸು. ನಿಂತ ನೀರು ಈಸುವವನಿಗೆ ಏನನ್ನೂ ಮಾಡುವುದಿಲ್ಲ. ಹರಿಯುವ ನೀರಿಗೆ ತನ್ನದೇ ಆದ ದಿಕ್ಕು, ಬಲ, ಹಟಗಳಿವೆ. ಏನೂ ಬಾರದವನು ದಂಡೆಯಲ್ಲಿಯೇ ನಿಲ್ಲುತ್ತಾನೆ, ಅರ್ಧ ಬಂದವನು ಇಳಿಯುತ್ತಾನೆ. ಸ್ನಾನಕ್ಕೆ ಇಳಿದವನೊಬ್ಬ ಸೆಳವಿಗೆ ಸಿಕ್ಕಾಗ ಅವನನ್ನು ಹಿಡಿಯಲು ಹಾರಿದ ಅಣ್ಣನೂ ಗೆಳೆಯನೂ ಹೋದರೆಂಬ ಸುದ್ದಿಯು ವರ್ಷವರ್ಷವೂ ಬರುವುದರ ಕಾರಣವಿದು.

ಹರಿಯುವ ನೀರನ್ನು ಓದಬಲ್ಲವರು ಇಲ್ಲಿ ಇರಲಿಲ್ಲವೆಂದಲ್ಲ. ಅಂಬಿಗರು ಇದ್ದರು. ಬಿದಿರಿನ ಬುಟ್ಟಿಗೆ ಚರ್ಮವನ್ನು ಹೊದಿಸಿದ ಹರಿಗೋಲಿಗೆ ಮುಂದು ಹಿಂದುಗಳಿಲ್ಲ. ಹುಟ್ಟು ತಪ್ಪಿದರೆ ಅದು ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಆದುದರಿಂದ ಅಂಬಿಗನು ಮೊದಲು ದಂಡೆಯ ಸೌಮ್ಯವಾದ ನೀರಿನಲ್ಲಿ ಮೇಲಕ್ಕೆ ಸಾಗಿ, ಅಲ್ಲಿಂದ ಓರೆಯಾಗಿ ಸೆಳವಿಗೆ ಬಿಟ್ಟು, ಹೊಳೆಯೇ ತನ್ನನ್ನು ಎದುರಿನ ಕಟ್ಟೆಗೆ ಮುಟ್ಟಿಸುವಂತೆ ಮಾಡುತ್ತಿದ್ದನು. ಹನ್ನೆರಡನೆಯ ಶತಮಾನದಲ್ಲಿ ಶರಣರ ನಡುವೆ ಅಂಬಿಗರ ಚೌಡಯ್ಯನು ಕಾಯಕದ ಹೆಸರಿನಿಂದಲೇ ಪ್ರಸಿದ್ಧನಾದನು. ಸೇತುವೆಗಳು ಬಂದ ಮೇಲೆ ಆ ಕಾಯಕ ಕ್ಷೀಣಿಸಿತು. ಸೇತುವೆ ಬೇಡವೆನ್ನುವ ಮೂಢರಾರೂ ಇಲ್ಲ. ಆದರೆ ಸೇತುವೆ ಮುಳುಗಿದ ದಿನ, ಅದಕ್ಕಿಂತ ಮೊದಲಿದ್ದ ತಿಳಿವಳಿಕೆಯೂ ಊರಿನಲ್ಲಿ ಉಳಿದಿಲ್ಲವೆಂಬುದು ನೆನಪಾಗುತ್ತದೆ.

ಕಯಾಕ್ ಎಂಬುದು ಉತ್ತರಧ್ರುವದ ಕಡೆಯ ಇನ್ಯೂಯಿಟ್ ಜನರ ಬೇಟೆಯ ದೋಣಿ. ಮರ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಮಾಡುತ್ತಿದ್ದರು. ಚರ್ಮ ಹೊದಿಸಿದ ಹಂದರವೆಂಬ ಮಟ್ಟಿಗೆ ಅದು ಹರಿಗೋಲಿನ ದೂರದ ಬಂಧುವೇ ಸರಿ. ಈಗ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ನೊರೆನೀರಿನ ಸ್ಪರ್ಧೆಗೆ ಮೊದಲ ಬಾರಿ ಸ್ಥಾನ ದೊರೆಯಿತು. ಕ್ರೀಡೆಯ ಇತಿಹಾಸ ಇಷ್ಟು ಸಾಕು. ಪ್ರಕೃತಕ್ಕೆ ಬೇಕಾದುದು ಅದರ ಪಾಠಕ್ರಮ.

ಮೊದಲ ಪಾಠ ಬೀಳುವುದು. ಕುಳಿತವನ ಸೊಂಟದ ಸುತ್ತ ನೀರು ಒಳನುಗ್ಗದಂತೆ ಒಂದು ಹೊದಿಕೆಯಿರುತ್ತದೆ. ದೋಣಿ ಮಗುಚಿ ತಲೆ ನೀರಿನೊಳಗಾದಾಗ ಗಾಬರಿಗೊಳ್ಳದೆ, ಮುಂದಕ್ಕೆ ಬಾಗಿ, ಹೊದಿಕೆಯ ಕುಣಿಕೆಯನ್ನು ಹಿಡಿದೆಳೆದು, ಹೊರಗೆ ಜಾರಿ ಮೇಲೆ ಬರಬೇಕು. ಇದನ್ನು ನಿಂತ ನೀರಿನಲ್ಲಿ, ಗುರುವು ಪಕ್ಕದಲ್ಲಿ ನಿಂತಿರುವಾಗ, ಅಭ್ಯಾಸವಾಗುವ ತನಕ ಮಾಡಿಸುತ್ತಾರೆ. ದೋಣಿಯಿಂದ ಹೊರಬರದೆ ಹುಟ್ಟಿನ ಒಂದು ಬೀಸಿನಿಂದಲೇ ಮರಳಿ ನೆಟ್ಟಗಾಗುವ ಕೌಶಲ ಅನಂತರದ್ದು. ಎರಡನೆಯದು ಸೆಳವಿನಲ್ಲಿ ತೇಲುವ ಬಗೆ: ಅಂಗಾತನಾಗಿ, ಪಾದಗಳನ್ನು ಹೊಳೆ ಹರಿಯುವ ದಿಕ್ಕಿಗೆ ಚಾಚಿ, ನೀರಿನ ಮೇಲ್ಮೈಯಲ್ಲಿಯೇ ಇರಿಸಿಕೊಳ್ಳಬೇಕು. ರಭಸದ ನೀರಿನಲ್ಲಿ ಎದ್ದು ನಿಲ್ಲಲು ಯತ್ನಿಸಬಾರದು. ಸಾಮಾನ್ಯರ ಬುದ್ಧಿ ಇದಕ್ಕೆ ವಿರುದ್ಧ; ತೊಡೆಮಟ್ಟದ ನೀರು ತಾನೇ ಎಂದು ಕಾಲೂರುತ್ತಾರೆ, ಪಾದ ಬಂಡೆಯ ಸಂದಿಗೆ ಸಿಕ್ಕುತ್ತದೆ, ಬೆನ್ನ ಮೇಲೆ ಬಿದ್ದ ನೀರು ಏಳಗೊಡುವುದಿಲ್ಲ. ಈಸು ಬಂದವರೂ ತೊಡೆಮಟ್ಟದ ನೀರಿನಲ್ಲಿ ಪ್ರಾಣ ಬಿಡುವುದು ಹೀಗೆ. ಮೂರನೆಯದು ವಿಶ್ರಾಂತಿಯ ನೆಲೆಯನ್ನು ಗುರುತಿಸುವುದು. ದೊಡ್ಡ ಬಂಡೆಯ ಕೆಳಮಗ್ಗುಲಲ್ಲಿ ನೀರು ಹಿಂದಿರುಗಿ ಮೆಲ್ಲಗೆ ಮೇಲ್ಮುಖವಾಗಿ ಸುತ್ತುತ್ತದೆ. ದೋಣಿಯನ್ನು ಅಲ್ಲಿಗೆ ತಿರುಗಿಸಿ ನಿಂತು ಮುಂದಿನ ದಾರಿಯನ್ನು ನೋಡಿಕೊಳ್ಳಬಹುದು. ಅಲ್ಲಿಂದ ಮೂತಿಯನ್ನು ಮೇಲ್ಮುಖವಾಗಿ ಓರೆಯಿಟ್ಟು ಹೊಳೆಯನ್ನು ಅಡ್ಡ ಹಾಯುವ ವಿಧಾನವನ್ನು ಕಲಿಸುವಾಗ, ಕೃಷ್ಣೆಯ ಅಂಬಿಗನಿದ್ದರೆ ನಸುನಗುತ್ತಾನೆ.

ಇಷ್ಟನ್ನು ಅಂಬಿಗನೂ ಬಲ್ಲನು. ಅವನ ಕಾಲದಲ್ಲಿ ಇಲ್ಲದಿದ್ದ ಅಪಾಯವೊಂದುಂಟು, ಅದು ಬ್ಯಾರೇಜು. ಯಾದಗಿರಿಯ ಸಮೀಪ ಗುರುಸಣಗಿಯಲ್ಲಿ ಭೀಮೆಗೆ ಕಟ್ಟಿರುವಂಥ ಕಟ್ಟುಗಳಲ್ಲಿ, ಅಡ್ಡಗೋಡೆಯ ಮೇಲಿಂದ ಒಂದೇ ಸಮನಾಗಿ ಇಳಿಯುವ ನೀರು ನೋಡಲು ಸೌಮ್ಯವಾಗಿ, ಚೆಲುವಾಗಿ ಕಾಣುತ್ತದೆ. ಬಿದ್ದ ನೀರು ತಳವನ್ನು ಮುಟ್ಟಿ ಮೇಲೆದ್ದು ಗೋಡೆಯ ಕಡೆಗೇ ಮರಳುವುದರಿಂದ, ಅದರಲ್ಲಿ ಸಿಕ್ಕ ಮರದ ದಿಮ್ಮಿಯೂ ಮನುಷ್ಯನೂ ಒಂದೇ ಕಡೆ ಉರುಳುತ್ತಿರುತ್ತಾರೆ. ನಿಷ್ಣಾತರಾದ ನಾವಿಕರು ಬಂಡೆಗಳ ಜಲಪಾತಕ್ಕೆ ಇಳಿದಾರು, ಇಂಥ ಗೋಡೆಯ ಬುಡಕ್ಕೆ ಇಳಿಯುವುದಿಲ್ಲ. ರಜಾದಿನಗಳಲ್ಲಿ ಮಕ್ಕಳು ಮೀಯಲು ಆರಿಸುವ ಸ್ಥಳ ಅದೇ ಆಗಿರುವುದು ಎಂಥ ವಿಪರ್ಯಾಸ! ಹಾಗೆಯೇ ದಂಡೆಯಿಂದ ನೀರಿಗೆ ಬಾಗಿದ ಜಾಲಿಯ ಪೊದೆ. ಅದು ನೀರನ್ನು ಸೋಸಿ ಬಿಡುತ್ತದೆ, ಮನುಷ್ಯನನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಸರೆಯೆಂದು ಅದನ್ನು ಅಪ್ಪಬಾರದು.

ಕಲಿಸುವ ಸ್ಥಳ ಬಸವಸಾಗರದ ಕೆಳಭಾಗವಾಗಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗೇಟುಗಳಿಗೆ ಶಾಲೆಯ ವೇಳಾಪಟ್ಟಿ ತಿಳಿಯದು, ಕೃಷ್ಣೆಯಲ್ಲಿ ಮೊಸಳೆಗಳೂ ಉಂಟು. ಬೋನಾಳದ ಕೆರೆ ಹಕ್ಕಿಗಳ ತಾಣ, ಅದನ್ನು ಅವಕ್ಕೇ ಬಿಡುವುದು ಲೇಸು. ಈಜುಕೊಳದಲ್ಲಿ ಮೊದಲ ಎರಡು ಪಾಠಗಳ ಅಭ್ಯಾಸ ಮುಗಿದ ಮೇಲೆ, ಶರಾವತಿಯ ಹಿನ್ನೀರಿನ ಹೊನ್ನೇಮರಡುವಿಗೆ ಮೇಲಿನ ತರಗತಿಯ ಮಕ್ಕಳನ್ನು ಕರೆದೊಯ್ದು ದೋಣಿ ಹಿಡಿಸಬಹುದು. ನಿಜವಾದ ನೊರೆನೀರನ್ನು ಕಾಣಬೇಕೆಂದರೆ ಸೂಪಾ ಅಣೆಕಟ್ಟಿನ ಕೆಳಗೆ, ಗಣೇಶಗುಡಿಯ ಹತ್ತಿರ, ಕಾಳಿ ನದಿಯಿದೆ. ಅದು ಶಾಲೆ ಬಿಟ್ಟ ಮೇಲಿನ ಮಾತು. ಜೊತೆಗೆ, ಹುಟ್ಟು ಹಿಡಿದು ಕೈ ಪಳಗಿದ ಅಂಬಿಗ ಹಿರಿಯರು ಇನ್ನೂ ಉಳಿದಿರುವ ಊರುಗಳಿಂದ ಅವರನ್ನು ಶಾಲೆಗೆ ಕರೆಸಿ, ಉಪಾಧ್ಯಾಯರ ಸಮಾನವಾದ ಆಸನವನ್ನೂ ಗೌರವಧನವನ್ನೂ ಕೊಟ್ಟು, ಹೊಳೆಯ ಬಗ್ಗೆ ಮಾತನಾಡಿಸಬೇಕು. ಹೆಣ್ಣುಮಕ್ಕಳನ್ನು ಬಿಟ್ಟು ಈ ವ್ಯವಸ್ಥೆಯನ್ನು ಮಾಡುವುದಾದರೆ ಮಾಡದಿರುವುದೇ ಮೇಲು. ನೀಲಕಂಠರಾಯನಗಡ್ಡಿಯ ಹೊಳೆ ಯಾರನ್ನು ದಾಟಿಸಿತೆಂಬುದನ್ನು ಮೇಲೆ ಹೇಳಿದೆ.

ಕಲಿತರೆ ಮಕ್ಕಳು ಹೊಳೆಗೆ ಹೆಚ್ಚು ಹೋಗುತ್ತಾರೆಂಬ ಪೋಷಕರ ಭಯ ನಿರಾಧಾರವಲ್ಲ. ಒಂದೆರಡು ದಿನದ ಶಿಬಿರ ನಡೆಸಿ, ಭಾವಚಿತ್ರ ತೆಗೆಸಿ, ಪ್ರಮಾಣಪತ್ರ ಹಂಚಿದರೆ ಹಾಗೆಯೇ ಆದೀತು. ಅಂಥ ಶಿಬಿರ ಬಾವಿಯ ಈಸಿನ ಮತ್ತೊಂದು ರೂಪ. ಸಂಧಿ ಸಮಾಸಗಳಂತೆ ಇದೂ ವರ್ಷದುದ್ದಕ್ಕೂ ಆವೃತ್ತಿಯಾಗಬೇಕು. ಎಸ್.ಎಸ್.ಎಲ್.ಸಿ. ಫಲಿತಾಂಶಕ್ಕೆ ಕುಂದು ಬಂದೀತೆನ್ನುವವರು ವಾರಕ್ಕೊಂದು ಅವಧಿಯನ್ನು ಲೆಕ್ಕಹಾಕಿ ನೋಡಲಿ.

ದೋಣಿಗಳನ್ನು ಕೊಳ್ಳುವುದು ಈಗಲೇ ಸಾಧ್ಯವಾಗದಿದ್ದರೆ ಅದನ್ನು ಬಿಡಬಹುದು. ದಡದಲ್ಲಿ ನಿಂತು ಮಾಡುವ ರಕ್ಷಣೆಗೆ ದೋಣಿ ಬೇಡ. ಮೊದಲು ಗಳೆ ಚಾಚಬೇಕು, ಎಟುಕದಿದ್ದರೆ ಹಗ್ಗ ಎಸೆಯಬೇಕು, ಅದೂ ಆಗದಿದ್ದರೆ ದೋಣಿ. ತಾನೇ ನೀರಿಗೆ ಹಾರುವುದು ತರಬೇತಿ ಪಡೆದವನ ಕಡೆಯ ಉಪಾಯ. ಹಗ್ಗವು ನೀರಿನ ಮೇಲೆ ತೇಲುವಂಥದ್ದಾಗಿರಬೇಕು, ಹದಿನೈದರಿಂದ ಇಪ್ಪತ್ತು ಮೀಟರು ಉದ್ದವಿದ್ದು ಚಿಕ್ಕ ಚೀಲದಲ್ಲಿ ಸಡಿಲವಾಗಿ ತುಂಬಿರಬೇಕು. ಒಂದು ತುದಿಯನ್ನು ಕೈಯಲ್ಲಿ ಹಿಡಿದು ಚೀಲವನ್ನು ಎಸೆದರೆ ಹಗ್ಗ ತಾನೇ ಬಿಚ್ಚಿಕೊಳ್ಳುತ್ತದೆ. ಎಸೆಯುವವನು ಹಗ್ಗವನ್ನು ತನ್ನ ಕೈಗೋ ಸೊಂಟಕ್ಕೋ ಕಟ್ಟಿಕೊಳ್ಳಬಾರದು. ಶಾಲೆಯ ಆಟದ ಬಯಲಿನಲ್ಲಿ, ನೀರಿನ ಹನಿಯಿಲ್ಲದೆಯೂ, ಇದನ್ನು ಅಭ್ಯಾಸ ಮಾಡಿಸಬಹುದು. ಕೋಣೆಗಳನ್ನು ಕಟ್ಟಿಸಿಕೊಟ್ಟ ದಾನಿಗಳ ಹೆಸರುಗಳು ಗೋಡೆಯ ಶಿಲಾಫಲಕಗಳಲ್ಲಿ ಶೋಭಿಸುತ್ತಿವೆ. ಹೊಳೆದಂಡೆಯ ಪ್ರತಿ ಊರಿಗೂ ಇಂಥ ಎರಡೆರಡು ಹಗ್ಗಗಳನ್ನೂ ನಾಲ್ಕಾರು ಲೈಫ್ ಜಾಕೆಟ್ಟುಗಳನ್ನೂ ಕೊಡಿಸುವ ಮಹನೀಯರಿಗೆ ಫಲಕ ಹಾಕಿಸಲು ಗೋಡೆ ದೊರೆಯದು. ಹೆಸರು ಬರೆಯಿಸಲೇಬೇಕೆಂದರೆ ಚೀಲದ ಮೇಲೆ ಸ್ಥಳವುಂಟು.